ಜೀವನಾಂಶ ಕೇಳಿದರೆ ಮಗುವನ್ನು ಅವರು ಕರೆದುಕೊಂಡು ಹೋಗಬಹುದಾ? ನಮ್ಮದು ಮದುವೆ ಆಗಿಲ್ಲ

ಮಳೆಕೊಡೆ

ನಮಸ್ಕಾರ. ಬೇರೆ ಹೆಸರಲ್ಲಿ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ನಮ್ಮ ಕಡೆ ಬೆಳಿಗ್ಗೆ ಗೋಣಿಕೊಪ್ಪದಲ್ಲಿ ಆಡಿದ ಮಾತು ಸಂಜೆಗೆ ಕುಟ್ಟದಲ್ಲಿ ಇರುತ್ತದೆ.

ನನಗೆ 27. ಮಗಳಿಗೆ ಈ ಹುತ್ತರಿಗೆ ಮೂರು ತುಂಬುತ್ತದೆ. ಅವಳ ಅಪ್ಪನೂ ನಾನೂ ಮದುವೆ ಆಗಿಲ್ಲ. ವಿರಾಜಪೇಟೆಯಲ್ಲಿ ಬಾಡಿಗೆ ಮನೆ ಮಾಡಿ ಒಂದೂವರೆ ವರ್ಷ ಒಟ್ಟಿಗೆ ಇದ್ದೆವು. ಕಾಫಿ ಕೊಯ್ಲು ಮುಗಿಯಲಿ, ಮನೆಯಲ್ಲಿ ಮಾತಾಡ್ತೇನೆ ಅಂದರು. ಎರಡು ಕೊಯ್ಲು ಮುಗಿಯಿತು, ಮಾತು ಮಾತ್ರ ಆಗಲಿಲ್ಲ. ಮಗು ಹುಟ್ಟಿದಾಗ ಆಸ್ಪತ್ರೆಯ ಫಾರಂನಲ್ಲಿ ತಂದೆ ಅಂತ ಅವರೇ ಸಹಿ ಹಾಕಿದ್ದಾರೆ, ಜನನ ಪ್ರಮಾಣಪತ್ರದಲ್ಲೂ ಅವರ ಹೆಸರಿದೆ. ಅವಳಿಗೆ ಎಂಟು ತಿಂಗಳಿದ್ದಾಗ ಗದ್ದೆ ನಾಟಿ ಇದೆ ಅಂತ ಮನೆಗೆ ಹೋದವರು ವಾಪಸ್ ಬರಲೇ ಇಲ್ಲ.

ಮೊದಮೊದಲು ತಿಂಗಳಿಗೆ 3,000 ಫೋನ್‌ಪೇ ಮಾಡುತ್ತಿದ್ದರು. ಏಳು ತಿಂಗಳಿಂದ ಅದೂ ನಿಂತಿದೆ. ನಾನೀಗ ಅಮ್ಮನ ಮನೆಯಲ್ಲಿದ್ದೇನೆ, ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸ, 11,000 ಸಂಬಳ. ಮಗಳಿಗೆ ಮಳೆ ಹಿಡಿದರೆ ಉಬ್ಬಸ. ಈ ಜುಲೈನಲ್ಲಿ ನೆಬ್ಯುಲೈಸರ್ ಕೊಂಡೆ. ಒಂದು ರಾತ್ರಿ ಮರ ಬಿದ್ದು ಕರೆಂಟ್ ಹೋಯಿತು. ಮಗುವನ್ನು ಒಂದು ಕೈಯಲ್ಲಿ, ಮಿಷನ್ ಇನ್ನೊಂದು ಕೈಯಲ್ಲಿ ಹಿಡಿದು, ಯುಪಿಎಸ್ ಇರುವ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಅಲ್ಲಿಂದಲೇ ಅವರಿಗೆ ಮೆಸೇಜ್ ಹಾಕಿದೆ. ನೀಲಿ ಟಿಕ್ ಬಂತು, ಅಷ್ಟೇ.

ಕೋರ್ಟಿಗೆ ಹೋಗ್ತೇನೆ ಅಂದಾಗ ಫೋನ್ ಬಂತು. "ಹೋಗು. ನೀನೇ ನನ್ನನ್ನು ಅಪ್ಪ ಅಂತ ಕೋರ್ಟ್ ಕಾಗದದಲ್ಲಿ ಬರೆಸಿ ಕೊಟ್ಟ ಹಾಗಾಗುತ್ತದೆ. ಆಮೇಲೆ ಮಗುವನ್ನು ನಮ್ಮ ಮನೆಗೆ ಕರ್ಕೊಂಡು ಬರ್ತೇನೆ" ಅಂದರು. ಹೋದ ವಾರ ಅವರ ಚಿಕ್ಕಪ್ಪ ಸ್ಟಾಂಪ್ ಪೇಪರ್ ತಂದಿದ್ದರು. ಒಂದೇ ಸಲಕ್ಕೆ ಎರಡು ಲಕ್ಷ ಕೊಡ್ತಾರಂತೆ, ನಾನು ಮುಂದೆ ಏನೂ ಕೇಳಬಾರದು, ಅವರೂ ಮಗುವನ್ನು ಕೇಳಲ್ಲ. ಇನ್ನೂ ಸಹಿ ಹಾಕಿಲ್ಲ. ಅಮ್ಮ ಹಾಕು ಅನ್ನುತ್ತಾರೆ.

ದುಡ್ಡು ಕೇಳಿದರೆ ನಿಜವಾಗಲೂ ಅವರಿಗೆ ಹಕ್ಕು ಬರುತ್ತದಾ?

ಕರಿಮೆಣಸು

ಅಕ್ಕ, ಎರಡು ಲಕ್ಷ ತಗೊಂಡು ಸುಮ್ನೆ ಇರಿ. ನನ್ನ ಕಸಿನ್ ಅಮೆರಿಕದಲ್ಲಿದ್ದಾನೆ, ಅಲ್ಲಿ ಅಪ್ಪ ತಿಂಗಳು ತಿಂಗಳು ದುಡ್ಡು ಕಟ್ಟಿದರೆ ಮಗುವಿನ ಮೇಲೆ ಅರ್ಧ ಹಕ್ಕು ಅವನದೇ ಅಂತೆ. ದುಡ್ಡು ಕೊಟ್ಟವನು ಸುಮ್ನೆ ಬಿಡ್ತಾನಾ?

ಕೋರ್ಟ್ ಮೆಟ್ಟಿಲು

ಕರಿಮೆಣಸು ಅವರೇ, ಅಮೆರಿಕದಲ್ಲೂ ದುಡ್ಡಿನ ಲೆಕ್ಕ ಬೇರೆ, ಮಗು ಯಾರ ಹತ್ತಿರ ಅನ್ನುವುದು ಬೇರೆ. ಕೊಟ್ಟ ಮಾತ್ರಕ್ಕೆ ಅರ್ಧ ಮಗು ಸಿಗಲ್ಲ. ಈಗ ನಮ್ಮೂರಿನ ಕಾನೂನಿಗೆ ಬರೋಣ. ಇದೇ ಜಿಲ್ಲೆಯಲ್ಲಿ ವಕೀಲಿ ಮಾಡ್ತೇನೆ, ಇಂಥ ಕೇಸು ವರ್ಷಕ್ಕೆ ಮೂರು ನಾಲ್ಕು ನನ್ನ ಟೇಬಲ್ಲಿಗೇ ಬರುತ್ತದೆ.

ಮಳೆಕೊಡೆಯವರೇ, ಆ ಕಾಗದಕ್ಕೆ ಸಹಿ ಹಾಕಬೇಡಿ. ಜೀವನಾಂಶ ಮಗುವಿನ ಹಕ್ಕು, ನಿಮ್ಮದಲ್ಲ. ನಿಮ್ಮದಲ್ಲದ್ದನ್ನು ನೀವು ಹೇಗೆ ಬಿಟ್ಟುಕೊಡ್ತೀರಿ? ಅಂಥ ಒಪ್ಪಂದ ಕೋರ್ಟಲ್ಲಿ ನಿಲ್ಲಲ್ಲ. ಆದರೆ ಸಹಿ ಹಾಕಿ ದುಡ್ಡು ತಗೊಂಡರೆ ಎರಡು ವರ್ಷ ಅದನ್ನೇ ಹಿಡಿದು ಎಳೆದಾಡ್ತಾರೆ.

ಈಗ ನಿಮ್ಮ ಪ್ರಶ್ನೆ. ಅವರು ಹೇಳಿದ್ದರಲ್ಲಿ ಕಾಲು ಭಾಗ ನಿಜ. ಅರ್ಜಿಯಲ್ಲಿ ನೀವು ಅವರನ್ನು ಅಪ್ಪ ಅಂತ ತೋರಿಸ್ತೀರಿ, ಅದನ್ನು ಹಿಡಿದು ಅವರು ಮಗುವನ್ನು ನೋಡಲು ಬಿಡಿ ಅಂತ ಕೇಳಬಹುದು. ಆದರೆ ಜನನ ಪ್ರಮಾಣಪತ್ರದಲ್ಲಿ ಹೆಸರಿದೆಯಲ್ಲ, ಆ ಬಾಗಿಲು ಅವರಿಗೆ ಮೂರು ವರ್ಷದಿಂದ ತೆರೆದೇ ಇದೆ. ನೀವು ಕೇಸು ಹಾಕಿದ್ದರಿಂದ ಹೊಸದಾಗಿ ತೆರೆಯುವುದು ಏನೂ ಇಲ್ಲ.

ಜೀವನಾಂಶದ ಕೇಸು ಮೊದಲು ಸಿಆರ್‌ಪಿಸಿ 125 ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಅಪ್ಪ ಅಮ್ಮನಿಗೆ ಮದುವೆ ಆಗಿರಲಿ ಬಿಡಲಿ, ಮಗುವನ್ನು ಸಾಕುವ ಹೊಣೆ ಅಪ್ಪನಿಗೆ ಇದೆ ಅಂತ ಅದರಲ್ಲಿ ನೇರವಾಗಿ ಇದೆ. ಯಾವ ಜಾತಿ, ಯಾವ ಧರ್ಮ ಅಂತ ಅದು ಕೇಳಲ್ಲ. ಮಗು ಯಾರ ಹತ್ತಿರ ಇರಬೇಕು ಅನ್ನುವುದು ಆ ಕೇಸಿನಲ್ಲಿ ತೀರ್ಮಾನ ಆಗುವ ವಿಷಯವೇ ಅಲ್ಲ.

ಮಗು ಯಾರ ಹತ್ತಿರ ಅನ್ನುವುದಕ್ಕೆ ಬೇರೆ ಕಾನೂನು. ನೀವು ಹಿಂದೂ ಅಂದುಕೊಂಡು ಹೇಳ್ತೇನೆ, ಕೊಡವರಿಗೂ ಇದೇ ಅನ್ವಯ. 1956ರ ಅಪ್ರಾಪ್ತ ವಯಸ್ಕರ ರಕ್ಷಕತ್ವ ಕಾಯ್ದೆಯ 6ನೇ ಕಲಂ ನೋಡಿ. ಮದುವೆ ಆಗಿ ಹುಟ್ಟಿದ ಮಗುವಿಗೆ ಅದು ಅಪ್ಪನ ಹೆಸರನ್ನು ಮೊದಲು ಹೇಳುತ್ತದೆ, ಮದುವೆ ಇಲ್ಲದೆ ಹುಟ್ಟಿದ ಮಗುವಿಗೆ ತಾಯಿ ಮೊದಲು, ತಾಯಿಯ ನಂತರ ಅಪ್ಪ. ಅಂದರೆ ಮದುವೆ ಆಗದೆ ಅವರು ತಪ್ಪಿಸಿಕೊಂಡೆ ಅಂದುಕೊಂಡರಲ್ಲ, ಅದೇ ಅವರನ್ನು ಸಾಲಿನಲ್ಲಿ ಹಿಂದೆ ನಿಲ್ಲಿಸಿದೆ. 2015ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಮದುವೆ ಆಗದ ತಾಯಿ ರಕ್ಷಕಳಾಗಲು ಅಪ್ಪನಿಗೆ ನೋಟಿಸ್ ಕೊಡುವ ಅಗತ್ಯವೂ ಇಲ್ಲ ಅಂದಿದೆ.

ಹಾಗಂತ ಅವರಿಗೆ ಏನೂ ಇಲ್ಲ ಅಂತ ನಾನು ಹೇಳ್ತಿಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲಿ ಅವರು ಅರ್ಜಿ ಹಾಕಬಹುದು. ಮಗು ಎಲ್ಲಿ ವಾಸ ಇದೆಯೋ ಅಲ್ಲಿನ ಕೋರ್ಟಿಗೇ ಅವರು ಬರಬೇಕು. ಜಡ್ಜ್ ನೋಡುವುದು ಮಗುವಿನ ಹಿತ ಒಂದನ್ನೇ. ಏಳು ತಿಂಗಳು ಔಷಧಿಗೂ ಕಾಸು ಕೊಡದವರು ಸುಪರ್ದಿ ಕೇಳಿದರೆ ಮೊದಲ ಪ್ರಶ್ನೆ ಏನು ಬರುತ್ತದೆ ಅಂತ ನೀವೇ ಯೋಚಿಸಿ. ಭೇಟಿಗೆ ಮಾತ್ರ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ. ಅದಕ್ಕೆ ಮನಸ್ಸು ಸಿದ್ಧ ಮಾಡ್ಕೊಳ್ಳಿ.

ಇನ್ನೊಂದು ತಮಾಷೆ ಇದೆ. ದುಡ್ಡು ತಪ್ಪಿಸಿಕೊಳ್ಳಲು ಎಷ್ಟೋ ಜನ ತಕರಾರಿನಲ್ಲಿ ಮಗು ನನ್ನದಲ್ಲ ಅಂತ ಬರೆಸ್ತಾರೆ. ಬರೆಸಲಿ. ಹಾಗೆ ಬರೆಸಿದವರು ನಾಳೆ ಮಗುವನ್ನು ನನಗೆ ಕೊಡಿ ಅಂತ ಯಾವ ಬಾಯಲ್ಲಿ ಕೇಳ್ತಾರೆ? ಕೋರ್ಟ್ ಡಿಎನ್‌ಎ ಪರೀಕ್ಷೆಗೆ ಹೇಳಿದ ಮೇಲೂ ರಕ್ತ ಕೊಡದಿದ್ದರೆ ಅದನ್ನು ಅವರ ವಿರುದ್ಧವೇ ತಗೊಳ್ಳಬಹುದು.

ಒಂದು ಕೇಳಬೇಕಿತ್ತು. ಯಾವುದಾದರೂ ಶಾಸ್ತ್ರ, ರಿಜಿಸ್ಟರ್, ಏನಾದರೂ ಆಗಿತ್ತಾ?

ಮಳೆಕೊಡೆ

ಸಾರ್, ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ.

ರಿಜಿಸ್ಟರ್ ಆಗಿಲ್ಲ. ಇರ್ಪುವಿಗೆ ಹೋಗಿದ್ದಾಗ ದೇವಸ್ಥಾನದ ಎದುರು ಕುತ್ತಿಗೆಗೆ ಒಂದು ಚೈನ್ ಹಾಕಿದರು. ಫೋಟೋ ಇದೆ. ಬೇರೆ ಯಾರೂ ಇರಲಿಲ್ಲ. ಅದು ಮದುವೆನಾ?

ಮತ್ತೆ ಚಿಕ್ಕಪ್ಪ ಇನ್ನೊಂದು ಮಾತು ಅಂದರು. ಹುಡುಗನ ಹೆಸರಲ್ಲಿ ಒಂದು ಸೆಂಟ್ ಜಾಗ ಇಲ್ಲ, ಎಲ್ಲ ಜಮ್ಮಾ (ಇಡೀ ಕುಟುಂಬಕ್ಕೆ ಸೇರಿದ ವಂಶಪಾರಂಪರ್ಯ ಜಮೀನು), ಕೋರ್ಟಿಗೆ ಹೋದರೆ ನಿನಗೆ ಸಿಗುವುದು ಸೊನ್ನೆ ಅಂತ.

ಕೋರ್ಟ್ ಮೆಟ್ಟಿಲು

ಚೈನ್ ಹಾಕಿದ್ದು ಅಷ್ಟಕ್ಕೇ ಮದುವೆ ಆಗಲ್ಲ. ಅವರ ಕಡೆಯದೋ ನಿಮ್ಮ ಕಡೆಯದೋ ಪದ್ಧತಿ ಪ್ರಕಾರ ಶಾಸ್ತ್ರ ನಡೆದಿರಬೇಕು. ಫೋಟೋ ಅಳಿಸಬೇಡಿ. ಗಂಡ ಹೆಂಡತಿ ಹಾಗೆ ಒಂದೇ ಮನೆಯಲ್ಲಿ ಬಾಳಿದ್ದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ನಿಮಗೂ ದಾರಿ ಇರಬಹುದು, ಬಾಡಿಗೆ ಕರಾರು ಪತ್ರ ಇದ್ದರೆ ಹುಡುಕಿ ಇಡಿ.

ಜಮ್ಮಾ ವಿಷಯ ಹೇಳಿದ್ದು ಒಳ್ಳೆಯದಾಯಿತು. ಚಿಕ್ಕಪ್ಪ ಯಾಕೆ ಇಷ್ಟು ಓಡಾಡ್ತಿದ್ದಾರೆ ಅಂತ ಈಗ ಗೊತ್ತಾಯಿತು. ನನ್ನ ಅನುಭವದಲ್ಲಿ ಮಗುವನ್ನು ಕರ್ಕೊಂಡು ಹೋಗ್ತೇವೆ ಅನ್ನುವ ಬೆದರಿಕೆಯ ಹಿಂದೆ ಮಗುವಿನ ಆಸೆ ಇರುವುದು ಕಮ್ಮಿ. ಈ ಮಗು ಮುಂದೆ ಐನ್‌ಮನೆ (ಕುಟುಂಬದ ಮೂಲ ಮನೆ) ಆಸ್ತಿಗೆ ಬಂದು ನಿಂತರೆ ಅನ್ನುವ ಭಯವೇ ಜಾಸ್ತಿ. ಜೀವನಾಂಶದ ಆದೇಶದಿಂದ ಆಸ್ತಿಯಲ್ಲಿ ಪಾಲು ಹುಟ್ಟಲ್ಲ. ಮದುವೆಯೇ ಇಲ್ಲದೆ ಹುಟ್ಟಿದ ಮಗುವನ್ನು ಹಿಂದೂ ಉತ್ತರಾಧಿಕಾರ ಕಾಯ್ದೆ ತಾಯಿಯ ಕಡೆಗೇ ಸೇರಿಸುತ್ತದೆ. ಮಗುವಿಗೂ ಪಾಲಿದೆ ಅನ್ನುವ 2023ರ ಸೆಪ್ಟೆಂಬರಿನ ಸುಪ್ರೀಂ ಕೋರ್ಟ್ ತೀರ್ಪು ಇದೆ ಅಂತ ಯಾರಾದರೂ ಹೇಳಬಹುದು. ಅದು ಮದುವೆ ನಡೆದು, ಆ ಮದುವೆ ಅಸಿಂಧು ಆದ ಮಕ್ಕಳಿಗೆ, ಅದೂ ಅಪ್ಪ ಅಮ್ಮನ ಪಾಲಿನ ಮಟ್ಟಿಗೆ. ನನಗೆ ಕೇಳಿದರೆ ಇದು ಮಗುವಿಗೆ ಅನ್ಯಾಯ. ಆದರೆ ಇವತ್ತಿನ ಕಾನೂನು ಇದು.

ಹೆಸರಲ್ಲಿ ಜಾಗ ಇಲ್ಲ ಅಂದ ಮಾತ್ರಕ್ಕೆ ಆದಾಯ ಸೊನ್ನೆ ಆಗಲ್ಲ. 2020ರ ತೀರ್ಪೊಂದರ ನಂತರ ಎರಡೂ ಕಡೆಯವರು ಆದಾಯ, ಆಸ್ತಿ, ಸಾಲ ಎಲ್ಲ ಬರೆದು ಅಫಿಡವಿಟ್ ಕೊಡಲೇಬೇಕು. ಪಹಣಿ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರಲ್ಲಿದ್ದರೂ ಕಾಫಿ ಮಾರಿದ ಬಿಲ್ಲು ಯಾರ ಹೆಸರಲ್ಲಿ, ದುಡ್ಡು ಯಾವ ಖಾತೆಗೆ ಬಿತ್ತು ಅಂತ ಕೇಳಿಸಬಹುದು. ಅದೇ ತೀರ್ಪಿನಲ್ಲಿ ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕು ಅಂತಲೂ ಇದೆ. ಹಾಗಾಗಿ ಕೊಯ್ಲು ಮುಗಿಯಲಿ ಅಂತ ನೀವೂ ಕಾಯಬೇಡಿ.

ಕೊಡಗಿನ ಸೊಸೆ

ತಂಗಿ, ನಾನು ಈ ದಾರಿಯಲ್ಲಿ ನಡೆದವಳು. ನನ್ನದು ಮದುವೆ ಆಗಿದ್ದ ಕೇಸು, ಆದರೂ ಹೇಳ್ತೇನೆ. ಮಧ್ಯಂತರ ಜೀವನಾಂಶ 60 ದಿನದಲ್ಲಿ ಅಂತ ಕಾನೂನಿನಲ್ಲಿ ಇದೆ, ನನಗೆ ಸಿಕ್ಕಿದ್ದು ಐದು ತಿಂಗಳಿಗೆ. ವಾಯಿದೆ ಮೇಲೆ ವಾಯಿದೆ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹೋಗುವುದು, ಮಧ್ಯಾಹ್ನ ಮುಂದಿನ ತಾರೀಕು ಬರೆದುಕೊಂಡು ಬರುವುದು. ಅವರು ಕೂಲಿ ಕೆಲಸ ಅಂತ ಅಫಿಡವಿಟ್ ಕೊಟ್ಟರು. ಅದೇ ವಾರ ಹೊಸ ಜೀಪಿಗೆ ಹಾರ ಹಾಕಿ ನಿಂತ ಫೋಟೋ ಸ್ಟೇಟಸ್ಸಿನಲ್ಲಿ. ನನ್ನ ತಮ್ಮ ಸ್ಕ್ರೀನ್‌ಶಾಟ್ ತೆಗೆದ.

ಆದೇಶ ಆದ ಮೇಲೂ ಕೊಡದಿದ್ದರೆ ವಾರೆಂಟ್ ಹಾಕಿಸಬಹುದು, ಜೈಲೂ ಆಗಬಹುದು. ಆದರೆ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಕೇಳಬೇಕು. ನಾನು ಪಾಪ ಅಂತ ಬಿಟ್ಟು ನಾಲ್ಕು ತಿಂಗಳ ದುಡ್ಡು ಕಳ್ಕೊಂಡೆ.

ವಕೀಲರ ಫೀಸಿಗೆ ಹೆದರಬೇಡ. ಹೆಂಗಸರಿಗೂ ಮಕ್ಕಳಿಗೂ ಸಂಬಳ ಎಷ್ಟಿದ್ದರೂ ಕಾನೂನು ಸೇವಾ ಸಮಿತಿಯಿಂದ ವಕೀಲರನ್ನು ಉಚಿತವಾಗಿ ಕೊಡ್ತಾರೆ. 15100ಕ್ಕೆ ಫೋನ್ ಮಾಡು.

ಸೋಮವಾರಪೇಟೆ ಅಪ್ಪ

ಬೈಸಿಕೊಳ್ಳಲು ತಯಾರಾಗಿಯೇ ಬರೀತಿದ್ದೇನೆ. ಆ ಬೆದರಿಕೆ ಹಾಕಿದವರ ಜಾಗದಲ್ಲಿ ನಾನೂ ಇದ್ದೆ. ಮದುವೆ ಆಗಿರಲಿಲ್ಲ, ಮಗನಿಗೆ ನಾಲ್ಕು ವರ್ಷ. ಅವಳು ಕೇಸು ಹಾಕಿದಾಗ ನಾನೂ ಮಗು ಬೇಕು ಅಂತ ಅರ್ಜಿ ಹಾಕಿದೆ. ನಿಜ ಹೇಳಬೇಕೆಂದರೆ ಅವಳು ಹೆದರಿ ಕೇಸು ವಾಪಸ್ ತಗೊಳ್ಳಲಿ ಅಂತಲೇ ಹಾಕಿದ್ದು.

ಜಡ್ಜ್ ನನ್ನನ್ನು ಬೈಯಲಿಲ್ಲ. ಮಗ ಯಾವ ಅಂಗನವಾಡಿಗೆ ಹೋಗ್ತಾನೆ ಅಂತ ಕೇಳಿದರು. ಗೊತ್ತಿರಲಿಲ್ಲ. ಊಟಕ್ಕೆ ಏನು ಇಷ್ಟ ಅಂದರು. ಅಕ್ಕಿ ರೊಟ್ಟಿ ಅಂದೆ. ಅವಳು ಅಲ್ಲೇ ನಿಂತಿದ್ದಳು, ಅವನಿಗೆ ರೊಟ್ಟಿ ಗಂಟಲಲ್ಲಿ ಸಿಕ್ಕಿ ಒಂದು ಸಲ ಆಸ್ಪತ್ರೆಗೆ ಹೋದ ಮೇಲೆ ಕೊಡುವುದೇ ಬಿಟ್ಟಿದ್ದೇನೆ ಅಂದಳು. ನನಗೆ ಅದೂ ಗೊತ್ತಿರಲಿಲ್ಲ.

ಸುಪರ್ದಿ ಸಿಗಲಿಲ್ಲ. ಎರಡನೇ ಮತ್ತು ನಾಲ್ಕನೇ ಭಾನುವಾರ 10ರಿಂದ 4ರವರೆಗೆ ನೋಡಬಹುದು ಅಂತ ಆಯಿತು. ಜೀವನಾಂಶ ಬೇರೆ ಆದೇಶದಲ್ಲಿ. ಕರಿಮೆಣಸಿಗೆ ರೇಟು ಬಿದ್ದ ವರ್ಷ ಮೂರು ತಿಂಗಳು ಕಟ್ಟಲು ಆಗಲಿಲ್ಲ, ಆದರೂ ಅವಳು ಭಾನುವಾರ ಮಗನನ್ನು ಕಳಿಸಿದಳು. ದುಡ್ಡು ಬರಲಿಲ್ಲ ಅಂತ ಮಗುವನ್ನು ತಡೆಯಬಾರದು, ಮಗುವನ್ನು ತೋರಿಸಲಿಲ್ಲ ಅಂತ ದುಡ್ಡು ನಿಲ್ಲಿಸಬಾರದು ಅಂತ ಇಬ್ಬರಿಗೂ ವಕೀಲರು ಹೇಳಿದ್ದರು. ಅವಳು ಪಾಲಿಸಿದಳು.

ನಮ್ಮದು ವರ್ಷಕ್ಕೊಮ್ಮೆ ಬರುವ ದುಡ್ಡು, ತಿಂಗಳು ತಿಂಗಳು ಕಟ್ಟುವುದು ಕಷ್ಟ ಅನ್ನುವುದು ನಿಜವೇ. ಅದನ್ನು ಕೋರ್ಟಲ್ಲಿ ಹೇಳಿದರೆ ಕೇಳ್ತಾರೆ. ಮಾರ್ಚಿನಲ್ಲಿ ಕಾಫಿ ಕೊಟ್ಟಾಗ ಆರು ತಿಂಗಳದ್ದು ಒಟ್ಟಿಗೆ ಹಾಕ್ತೇನೆ ಈಗ.

ಕರಿಮೆಣಸು

ಸರಿ, ನಾನು ಹೇಳಿದ್ದು ತಪ್ಪು. ಅಕ್ಕ, ಸಹಿ ಹಾಕಬೇಡಿ.

ಮಳೆಕೊಡೆ

ಎಲ್ಲರಿಗೂ ಥ್ಯಾಂಕ್ಸ್. ಸೋಮವಾರಪೇಟೆಯವರೇ, ನಿಮ್ಮದನ್ನು ಅಮ್ಮನಿಗೂ ಓದಿ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ. ಆಮೇಲೆ ಸ್ಟಾಂಪ್ ಪೇಪರ್ ಎಲ್ಲಿಟ್ಟಿದ್ದೀ ಅಂತ ಮಾತ್ರ ಕೇಳಿದರು.

ಕೊನೆಯದಾಗಿ ಎರಡು ಪ್ರಶ್ನೆ. ಕೇಸು ಹಾಕಿದ ಸಿಟ್ಟಿಗೆ ಅಂಗನವಾಡಿಯಿಂದ ಸೀದಾ ಮಗುವನ್ನು ಎತ್ತಿಕೊಂಡು ಹೋದರೆ? ಮತ್ತೆ ನನಗೇ ಏನಾದರೂ ಆದರೆ ಮಗು ಅಮ್ಮನ ಹತ್ತಿರ ಇರುತ್ತದಾ?

ಕೋರ್ಟ್ ಮೆಟ್ಟಿಲು

ಮೊದಲನೆಯದು. ಅಂಗನವಾಡಿ ಟೀಚರಿಗೆ ಇವತ್ತೇ ಬರೆದು ಕೊಡಿ, ನೀವು ಮತ್ತು ನಿಮ್ಮ ಅಮ್ಮ ಬಿಟ್ಟು ಬೇರೆ ಯಾರ ಜೊತೆಗೂ ಕಳಿಸಬೇಡಿ ಅಂತ. ಒಂದು ಪ್ರತಿಗೆ ಅವರ ಸಹಿ ತಗೊಳ್ಳಿ. ಯಾಕೆ ಇಷ್ಟು ಒತ್ತಿ ಹೇಳ್ತೇನೆ ಅಂದರೆ, ಮಗು ನನ್ನದು ಅಂತ ನಂಬಿ ಕರೆದುಕೊಂಡು ಹೋದ ಅಪ್ಪನಿಗೆ ಅಪಹರಣದ ಕಲಂನಲ್ಲೇ ವಿನಾಯಿತಿ ಇದೆ. ಸ್ಟೇಷನ್ನಿನಲ್ಲಿ ಇದು ನಿಮ್ಮ ಮನೆ ಜಗಳ ಅಂದುಬಿಡ್ತಾರೆ. ಹಾಗಾದರೆ ಅಲ್ಲಿ ವಾದ ಮಾಡ್ತಾ ಕೂರಬೇಡಿ, ಅದೇ ದಿನ ವಕೀಲರ ಹತ್ತಿರ ಬನ್ನಿ. ಕೋರ್ಟಿನಿಂದ ಮಗುವನ್ನು ವಾಪಸ್ ಕರೆಸುವ ದಾರಿ ಇದೆ.

ಎರಡನೆಯದು. ನಿಮ್ಮ ನಂತರ ಕಾನೂನಿನ ಸಾಲಿನಲ್ಲಿ ಬರುವುದು ಅಪ್ಪ, ಅಜ್ಜಿ ಅಲ್ಲ. ಆದರೆ ನಿಮ್ಮಂಥ ತಾಯಿ ಉಯಿಲು ಬರೆದು ರಕ್ಷಕರನ್ನು ನೇಮಿಸಬಹುದು, ಅದೇ 1956ರ ಕಾಯ್ದೆಯ 9ನೇ ಕಲಂನಲ್ಲಿ ಇದೆ. ಅಮ್ಮನ ಹೆಸರು ಬರೆಯಿರಿ, ಇಬ್ಬರು ಸಾಕ್ಷಿ ಸಾಕು.

ಅವರು ಇರುವ ಊರಿನ ಅಥವಾ ನೀವಿಬ್ಬರೂ ಕೊನೆಗೆ ಒಟ್ಟಿಗೆ ಇದ್ದ ಊರಿನ ಕೋರ್ಟಿನಲ್ಲಿ ಅರ್ಜಿ ಹಾಕಬಹುದು, ಅಂದರೆ ವಿರಾಜಪೇಟೆ ನಡೆಯುತ್ತದೆ. ಬರುವಾಗ ಜನನ ಪ್ರಮಾಣಪತ್ರ, ಫೋನ್‌ಪೇ ಹಿಸ್ಟರಿಯ ಪ್ರಿಂಟ್, ನೆಬ್ಯುಲೈಸರ್ ಬಿಲ್ಲು, ಡಾಕ್ಟರ್ ಚೀಟಿ ತನ್ನಿ. ಆ ರಾತ್ರಿಯ ಮೆಸೇಜನ್ನೂ ನೀಲಿ ಟಿಕ್ ಕಾಣುವ ಹಾಗೆ ಪ್ರಿಂಟ್ ತೆಗೆಸಿ, ಕಪ್ಪು ಬಿಳುಪು ಬೇಡ, ಕಲರ್ ತೆಗೆಸಿ.