ಸಹಾಯ ಬೇಕು: 1971ರ ಯುದ್ಧಕಾಲದ ಪತ್ರಗಳು, ಕೊಡಗಿನ ಮನೆಯವರಿಗೆ ತಲುಪಿಸಬೇಕು

ಗುಜರಿಗೆ ಬಂದ ಟ್ರಂಕಿನಲ್ಲಿ ಒಂದು ಕಟ್ಟು ಇನ್‌ಲ್ಯಾಂಡ್ ಪತ್ರಗಳು ಸಿಕ್ಕಿವೆ. ಬರೆದವರು ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ (ಎಂಇಜಿ) ಸ್ಯಾಪರ್, ಅಂದರೆ ಎಂಜಿನಿಯರಿಂಗ್ ಪಡೆಯ ಸೈನಿಕ. ಕಳಿಸಿದವರ ವಿಳಾಸ '99 ಎಪಿಒ' (ಸೇನಾ ಅಂಚೆ ಕಚೇರಿ), ಅಂದರೆ ಪೂರ್ವ ಗಡಿ ಕಡೆ; ಇದ್ದ ಜಾಗ ಗೊತ್ತಾಗಬಾರದೆಂದೇ ಬರೀ ಸಂಖ್ಯೆ. ಮನೆ ಹೆಸರು ಇರುವ ಸಾಲನ್ನು ಗೆದ್ದಲು ತಿಂದಿದೆ. ಮಿಲಿಟರಿ ನಂಬರ್ ಮಾತ್ರ ಸ್ಪಷ್ಟ, ಅದೇ ದೊಡ್ಡ ಆಸರೆ.

ಬೆಂಗಳೂರಿನ ಎಂಇಜಿ ರೆಕಾರ್ಡ್ಸ್‌ಗೆ (ಸೈನಿಕರ ದಾಖಲೆ ಕಚೇರಿಗೆ) ಬರೆಯುವ ಕ್ರಮ ಗೊತ್ತಿದ್ದವರು ತಿಳಿಸಿ. ಕುಟುಂಬದ ವಿಳಾಸ ಕೇಳುತ್ತಿಲ್ಲ. ನಮ್ಮ ಲಕೋಟೆಯನ್ನು ಅವರಿಗೆ ದಾಟಿಸಿದರೆ ಸಾಕು. ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಪರಿಚಯದವರಿದ್ದರೂ ಹೇಳಿ.

ನಂಬರ್, ಪತ್ರದ ಫೋಟೊ ಇಲ್ಲಿ ಹಾಕುವುದಿಲ್ಲ. ನಮ್ಮವೇ ಎನ್ನುವವರು ಪತ್ರ ಯಾರ ಹೆಸರಿಗೆ ಬರುತ್ತಿತ್ತೆಂದು ಖಾಸಗಿಯಾಗಿ ತಿಳಿಸಲಿ.

ಥಂಡಿಗೆ ಎರಡು ಪತ್ರ ಅಂಟಿಕೊಂಡಿವೆ. ಎಳೆದರೆ ಶಾಯಿ ಕಿತ್ತುಬರುತ್ತದೆ, ಹಾಗೇ ಬಿಟ್ಟಿದ್ದೇವೆ. ಬಿಡಿಸಬಲ್ಲವರಿದ್ದೀರಾ? ಟೇಪು, ಲ್ಯಾಮಿನೇಶನ್ ಸಲಹೆ ದಯವಿಟ್ಟು ಬೇಡ.