ಬಿ.ಪಿ. ಜಾಸ್ತಿ, ನಿದ್ದೆ ಇಲ್ಲ: ಒಬ್ಬರೇ ಮಕ್ಕಳನ್ನು ಸಾಕುವವರು ಏನು ಮಾಡಿದಿರಿ?

ಪ್ರಶ್ನೆ, ಮುಂಬೈನ ಘಾಟ್ಕೋಪರ್‌ನಿಂದ:
ಯಜಮಾನರು ತೀರಿಕೊಂಡ ಮೇಲೆ ಮನೆಗೆಲಸ ಮಾಡಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದೇನೆ. ಸದಾ ತಲೆನೋವು, ಎದೆ ಉರಿ. ನಡುರಾತ್ರಿ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ. ಮೊನ್ನೆ ಬಿ.ಪಿ. 150/100 ಬಂತು. ಡಾಕ್ಟರು "ಟೆನ್ಷನ್ ಮಾಡ್ಕೋಬೇಡಿ" ಎಂದರು. ಬಾಡಿಗೆ, ಫೀಸು ತಲೆ ಮೇಲಿರುವಾಗ ಹೇಗೆ ಬಿಡುವುದು?

ಧಾರಾವಿಯಿಂದ:
ಅಕ್ಕಾ, ನನಗೂ ಇದನ್ನೇ ಹೇಳಿದ್ದರು. ಮೈ ಉರಿದುಹೋಗಿತ್ತು. ಬೆಳಿಗ್ಗೆ ಬರೀ ಕಟಿಂಗ್ ಚಹಾ, ಮಧ್ಯಾಹ್ನ ವಡಾಪಾವ್, ತಲೆ ಸಿಡಿದರೆ ಮೆಡಿಕಲ್‌ನಿಂದ ಒಂದು ಗುಳಿಗೆ. ನಮ್ಮ ಗಲ್ಲಿಯಲ್ಲಿ ಎಲ್ಲರದೂ ಇದೇ ಕತೆ.

ಸಾಯನ್‌ನಿಂದ, ನರ್ಸ್:
ಆ ಗುಳಿಗೆ ವಿಷಯ ಮೊದಲು ಹೇಳುತ್ತೇನೆ. ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ಥರದವು ಬಿ.ಪಿ.ಯನ್ನು ಇನ್ನೂ ಏರಿಸಬಹುದು. ಕಿಡ್ನಿಗೂ ಒಳ್ಳೆಯದಲ್ಲ. ಡಾಕ್ಟರನ್ನು ಕೇಳದೆ ನುಂಗಬೇಡಿ.

ಟೆನ್ಷನ್ ಅಂದರೆ ಬರೀ ಮನಸ್ಸಿನದಲ್ಲ. ಚಿಂತೆ ಹತ್ತಿದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ. ಎದೆಬಡಿತ, ಬಿ.ಪಿ., ರಕ್ತದ ಸಕ್ಕರೆ ಮೇಲೇಳುತ್ತವೆ. ಭಯ ಕಳೆದ ಮೇಲೆ ಇಳಿಯಬೇಕು. ಬಾಡಿಗೆಯ ಚಿಂತೆ ಕಳೆಯುವುದೇ ಇಲ್ಲವಲ್ಲ! ನಿದ್ದೆಯೂ ಕೆಟ್ಟರೆ ಬಿ.ಪಿ. ಇಳಿಯುವ ರಾತ್ರಿಯೂ ಹೋಯಿತು. ವರ್ಷಗಟ್ಟಲೆ ಹೀಗೇ ನಡೆದರೆ ಹೃದಯಕ್ಕೆ ಪೆಟ್ಟು.

ಒಮ್ಮೆ ನೋಡಿದ್ದು ಸಾಲದು, ಬೇರೆ ದಿನ ಕೂತು ಸುಧಾರಿಸಿಕೊಂಡು ಮತ್ತೆ ನೋಡಿಸಿ. ಪದೇ ಪದೇ 140/90 ದಾಟಿದರೆ ಔಷಧದ ಮಾತು ಬರುತ್ತದೆ. ಶುರು ಮಾಡಿದರೆ ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ. ಪಾಲಿಕೆಯ 'ಆಪಲಾ ದವಾಖಾನಾ'ದಲ್ಲಿ ತಪಾಸಣೆ ಉಚಿತ. ಸಂಜೆಯೂ ತೆರೆದಿರುತ್ತದೆ, ಕೆಲಸ ತಪ್ಪಿಸಬೇಕಿಲ್ಲ. ಎದೆ ಹಿಂಡಿದ ಹಾಗಾದರೆ, ಒಂದು ಕಡೆ ಕೈಕಾಲು ಸೋತರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಧಾರಾವಿಯಿಂದ:
ನಿದ್ದೆಗೆ ನನಗೆ ನೆರವಾದದ್ದು 14416, ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಫೋನ್ ಸಹಾಯವಾಣಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು. ಬಾಡಿಗೆ ಅವರು ಕಟ್ಟುವುದಿಲ್ಲ ಬಿಡಿ. ಆದರೆ ಮಕ್ಕಳ ಮುಂದೆ ಆಡಲಾಗದ್ದನ್ನು ಆಡಿದೆ.

ಠಾಣೆಯಿಂದ, ಹೋಟೆಲ್ ಕೆಲಸ:
ನಾನೂ ಒಬ್ಬನೇ ಮಗಳನ್ನು ಸಾಕುತ್ತಿದ್ದೇನೆ. "ದಿನಾ ವಾಕಿಂಗ್ ಹೋಗಿ" ಅನ್ನುತ್ತಾರೆ. ದಿನವಿಡೀ ನಿಂತವನಿಗೆ ಎಲ್ಲಿಯ ವಾಕಿಂಗ್? ನನ್ನ ಬಿ.ಪಿ.ಗೆ ಮಾತ್ರೆ ಎಷ್ಟು ಕೆಲಸ ಮಾಡಿತೋ, ತಿಂಗಳು ತಿಂಗಳು ಬರುವ ಸರ್ಕಾರದ ಹಣವೂ ಅಷ್ಟೇ ಮಾಡಿತು. ಮಹಾರಾಷ್ಟ್ರದ ಬಾಲ ಸಂಗೋಪನ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 2,250 ರೂಪಾಯಿ ಇದೆ. ಅಪ್ಪ ಒಬ್ಬನೇ ಇದ್ದರೂ ಕೇಳಬಹುದು. ಜಿಲ್ಲೆಯ ಮಹಿಳಾ ಮತ್ತು ಬಾಲ ವಿಕಾಸ ಕಚೇರಿಗೆ ಹೋಗಿ. ಅಕ್ಕಾ, ಯಜಮಾನರ ಮರಣ ಪತ್ರ, ರೇಷನ್ ಕಾರ್ಡ್, ಮಕ್ಕಳ ಶಾಲೆಯ ಬೋನಾಫೈಡ್ (ಅಲ್ಲಿ ಓದುತ್ತಿದ್ದಾರೆಂಬ ಪತ್ರ) ಈಗಲೇ ತೆಗೆದಿಡಿ. ಓಡಾಟ ಇದೆ, ಮೊದಲೇ ಹೇಳಿಬಿಡುತ್ತೇನೆ.