ಸಹಾಯ ಬೇಕು: ರಿಲೇ ಜೋಡಿಸಿದೊಡನೆ ವೋಲ್ಟೇಜ್ ಕುಸಿಯುತ್ತಿದೆ
12 ವೋಲ್ಟ್ ಅಡಾಪ್ಟರ್‌ನಿಂದ 5 ವೋಲ್ಟ್ ರಿಲೇ (ಸುರುಳಿಗೆ ವಿದ್ಯುತ್ ಕೊಟ್ಟರೆ ‘ಟಕ್’ ಎಂದು ಬದಲಾಗುವ ಸ್ವಿಚ್) ನಡೆಸಬೇಕಿದೆ. 1.5 ಕಿಲೋ ಓಮ್ ಮತ್ತು 1 ಕಿಲೋ ಓಮ್ ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಜೋಡಿಸಿ, ಎರಡನೆಯದರ ತುದಿಗಳ ನಡುವೆ ಅಳೆದರೆ ಲೆಕ್ಕದಂತೆಯೇ 4.8 ವೋಲ್ಟ್. ಅಲ್ಲಿಗೆ ರಿಲೇಯ 70 ಓಮ್ ಸುರುಳಿಯನ್ನು ಸೇರಿಸಿದೊಡನೆ ಅರ್ಧ ವೋಲ್ಟ್! ‘ಟಕ್’ ಎನ್ನುವುದೇ ಇಲ್ಲ.

ರಿಲೇ, ಅಡಾಪ್ಟರ್ ಎರಡನ್ನೂ ಬದಲಿಸಿ ನೋಡಿದೆ. 150 ಮತ್ತು 100 ಓಮ್ ಹಾಕಿದರೆ 2.6 ವೋಲ್ಟ್‌ವರೆಗೆ ಬಂತು, ಆದರೆ ಕಾಲು ವಾಟ್‌ನ ರೆಸಿಸ್ಟರ್ ಮುಟ್ಟಲಾಗದಷ್ಟು ಕಾದಿತು.

ಸುರುಳಿ ಎರಡನೆಯ ರೆಸಿಸ್ಟರ್‌ಗೆ ಸಮಾಂತರವಾಗಿ ಸೇರಿ ಒಟ್ಟು ರೋಧ ಇಳಿಯುತ್ತದೆ, ಅಷ್ಟು ಗೊತ್ತು. ರೋಧ ಇಳಿದರೆ ಪ್ರವಾಹ ಹೆಚ್ಚಬೇಕಲ್ಲವೇ? ಹಾಗಿದ್ದೂ ಸುರುಳಿಗೆ ಸಿಗುವ ವೋಲ್ಟೇಜ್ ಕುಸಿಯುವುದೇಕೆ? ಸುರುಳಿಯೊಂದಿಗೆ ಸರಣಿಯಲ್ಲಿ 100 ಓಮ್, 1 ವಾಟ್‌ನ ಒಂದೇ ರೆಸಿಸ್ಟರ್ ಹಾಕಿದರೆ ಸಾಕೇ, ಇಲ್ಲವೇ ಸ್ಥಿರವಾಗಿ 5 ವೋಲ್ಟ್ ಕೊಡುವ 7805 ಐಸಿಯೇ ಬೇಕೇ?